ಹೆಸರು ಕಳಚಿದ ದುಡಿಮೆ



ಇಟ್ಟ ಮೂಲಧನವನ್ನು ಕರಗಿಸದೆ, ಅದರಿಂದ ಹುಟ್ಟಿದ್ದನ್ನಷ್ಟೇ ಊರಿನ ಒಳಿತಿಗೆ ಬಳಸುವ ಪದ್ಧತಿ ತಂಬ್ರಹಳ್ಳಿಯ ಈ ಸೀಮೆಗೆ ಹೊಸದಲ್ಲ. ಬಾಗಳಿ, ಹಿರೇಹಡಗಲಿ, ಮಾಗಳ, ಕುರುವತ್ತಿಯ ಗುಡಿಗಳ ಶಾಸನಗಳಲ್ಲಿ ಸಾವಿರ ವರ್ಷದ ಆಸುಪಾಸಿನ ದತ್ತಿಗಳು ಇಂದಿಗೂ ಕಾಣಸಿಗುತ್ತವೆ. ಕೊಟ್ಟವರು ಯಾರು, ಯಾವ ಕೆಲಸಕ್ಕೆ ಕೊಟ್ಟರು, ಅದನ್ನು ಕಾಯಬೇಕಾದವರು ಯಾರು ಎಂಬುದನ್ನು ಅಂದಿನವರು ಕಲ್ಲಿನಲ್ಲಿ ಕೊರೆಸಿದರು. ಮುಂದೆ ಯಾರಾದರೂ ಕೈತಪ್ಪಿ ನಡೆದರೆ ಕೇಳುವುದಕ್ಕೆ ಒಂದು ಹೆಸರು ಬೇಕು, ಒಂದು ಲೆಕ್ಕ ಬೇಕು ಎಂಬ ಎಚ್ಚರ ಅದು. ಆ ಎಚ್ಚರವೇ ಈ ದತ್ತಿ ಉಪನ್ಯಾಸದ ವಿಷಯ.

ದುಡಿಮೆಯ ಹಳೆಯ ಮೌಲ್ಯಗಳು ಕುಸಿದಿವೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಈಗಿನವರಿಗೆ ಕೆಲಸದ ಮೇಲೆ ಶ್ರದ್ಧೆ ಇಲ್ಲ, ಆಳುಗಳು ಸಿಗುವುದಿಲ್ಲ, ಸಿಕ್ಕರೂ ಮೈಬಗ್ಗಿಸುವುದಿಲ್ಲ ಎಂದು ಕಟ್ಟೆಯ ಮೇಲೆ ಕುಳಿತವರೂ ಹೇಳುತ್ತಾರೆ, ಕಂಪನಿ ನಡೆಸುವವರೂ ಹೇಳುತ್ತಾರೆ. ಕುಸಿತ ನಿಜ. ಆದರೆ ಅದು ಆಗಿರುವ ಜಾಗ ಬೇರೆ ಎಂದು ನನ್ನ ನಂಬಿಕೆ. ನಮ್ಮ ಜನ ದುಡಿಯುವುದನ್ನು ಬಿಟ್ಟಿಲ್ಲ. ಮಾಡಿದ ಕೆಲಸಕ್ಕೂ ಮಾಡಿದವರ, ಮಾಡಿಸಿದವರ ಹೆಸರಿಗೂ ಇದ್ದ ನಂಟು ಕಳಚಿಹೋಗಿದೆ. ಕೆಲಸ ಕೆಟ್ಟರೆ ಉತ್ತರ ಹೇಳುವವರು ಯಾರೂ ಇಲ್ಲದಂತಾಗಿದೆ. ಇದನ್ನು ಈ ನೆಲದ ಕೆಲವು ಸಂಗತಿಗಳ ಮೂಲಕ ನಿಮ್ಮ ಮುಂದೆ ಇಡುತ್ತೇನೆ.

ದುಡಿಮೆ ಕಡಿಮೆಯಾಗಿಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಹುಪಾಲು ಹೊಲ ಮಳೆಯನ್ನೇ ನಂಬಿದೆ. ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಇಲ್ಲಿನ ಬೆಳೆಗಳು. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಅದಕ್ಕೂ ಮೊದಲೇ, ತಾಂಡಾಗಳಿಂದ, ಕೇರಿಗಳಿಂದ ಜನ ಗುಳೆ ಹೊರಡುತ್ತಾರೆ. ಮಂಡ್ಯದ ಕಡೆ ಕಬ್ಬು ಕಡಿಯುವುದಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ. ಮೇಸ್ತ್ರಿಯಿಂದ ಮುಂಗಡ ಪಡೆದು, ಮುದುಕರ ಕೈಗೆ ಮನೆ ಒಪ್ಪಿಸಿ, ಗಂಡಹೆಂಡತಿ ಮಕ್ಕಳೊಂದಿಗೆ ಲಾರಿ ಹತ್ತುವವರನ್ನು ಸೋಮಾರಿಗಳೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಲು ಸಿದ್ಧರಿರಬೇಕು ಎಂದರು. ದೇಶವೆಲ್ಲ ಚರ್ಚೆಯಾಯಿತು. ಆ ಚರ್ಚೆ ನಡೆದ ದಿನಗಳಲ್ಲೂ ನಮ್ಮ ಊರುಗಳ ಹೆಣ್ಣುಮಕ್ಕಳು ಕೋಳಿ ಕೂಗುವ ಹೊತ್ತಿಗೆದ್ದು, ನೀರು ಹೊತ್ತು, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಕಳೆ ತೆಗೆದು, ಸಂಜೆ ಬಂದು ಮತ್ತೆ ಒಲೆ ಹಚ್ಚುತ್ತಿದ್ದರು. ಅವರ ಗಂಟೆಗಳನ್ನು ಯಾರೂ ಎಣಿಸಲಿಲ್ಲ. ದುಡಿಮೆಯ ಮೌಲ್ಯವನ್ನು ಗಂಟೆಗಳಲ್ಲಿ ಅಳೆಯುವುದಾದರೆ ಈ ತಾಯಂದಿರ ಮುಂದೆ ಯಾವ ಉದ್ಯಮಿಯೂ ನಿಲ್ಲಲಾರ. ಆದ್ದರಿಂದ ಕುಸಿತವನ್ನು ಬೇರೆ ಕಡೆ ಹುಡುಕೋಣ.

ಕಣದಲ್ಲಿ ನಡೆಯುತ್ತಿದ್ದ ಲೆಕ್ಕ

ಹಳ್ಳಿಯ ಹಿರಿಯರಿಗೆ ಆಯದ ಪದ್ಧತಿ ಗೊತ್ತು. ವಿಜಯನಗರದ ಕಾಲದಲ್ಲಿ ನೆಲೆಗೊಂಡು, ಮೊನ್ನೆಮೊನ್ನೆಯವರೆಗೂ ಉಳಿದ ವ್ಯವಸ್ಥೆ ಅದು. ಬಡಿಗೇರ ಕೂರಿಗೆ, ಕುಂಟೆ ಮಾಡಿಕೊಟ್ಟ. ಕಮ್ಮಾರ ಕುಡ ಹಣಿದುಕೊಟ್ಟ. ಕುಂಬಾರ ಗಡಿಗೆ ಕೊಟ್ಟ. ಅಗಸ ಬಟ್ಟೆ ಒಗೆದ. ವರ್ಷವಿಡೀ ಯಾರೂ ದುಡ್ಡು ಎಣಿಸಲಿಲ್ಲ. ಸುಗ್ಗಿಯಲ್ಲಿ ರಾಶಿ ಮಾಡಿದ ದಿನ ಅವರೆಲ್ಲ ಕಣಕ್ಕೆ ಬಂದರು, ರೈತ ಅವರವರ ಪಾಲಿನ ಕಾಳು ಅಳೆದುಕೊಟ್ಟ. ಕೂರಿಗೆಯ ತಾಳು ಬಿತ್ತನೆಯ ಹೊತ್ತಿನಲ್ಲಿ ಮುರಿದಿದ್ದರೆ ಆ ಮಾತು ಕಣದಲ್ಲೇ ಬರುತ್ತಿತ್ತು. ರೈತ ಅಳತೆಯಲ್ಲಿ ಕೈಬಿಗಿ ಹಿಡಿದರೆ ಅದೂ ಊರಿಗೆಲ್ಲ ಗೊತ್ತಾಗುತ್ತಿತ್ತು. ಮಾಡಿದವನೂ ಬಳಸಿದವನೂ ವರ್ಷಕ್ಕೊಮ್ಮೆ ಎದುರುಬದುರು ನಿಲ್ಲಲೇಬೇಕಿತ್ತು.

ವ್ಯಾಪಾರದಲ್ಲೂ ಇಂಥದೇ ಕಟ್ಟು ಇತ್ತು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಾಚೆಗೂ ವ್ಯಾಪಾರ ನಡೆಸಿತು. ಅವರು ತಮ್ಮನ್ನು ವೀರಬಣಂಜು ಧರ್ಮವನ್ನು ಕಾಯುವವರು ಎಂದು ಶಾಸನಗಳಲ್ಲಿ ಬರೆಸಿಕೊಂಡರು. ಲಾಭಕ್ಕೆ ಹೊರಟವರಿಗೂ ಕಾಯಬೇಕಾದ ಧರ್ಮವೊಂದಿದೆ ಎಂದು ಒಪ್ಪಿಕೊಂಡ ಸಂಘ ಅದು. ಶಿಲ್ಪಿಗಳೂ ಹಾಗೆಯೇ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಹಲವು ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮ ತಾವು ಕಂಡರಿಸಿದ ಮೂರ್ತಿಯ ಕೆಳಗೆ ಹೆಸರು ಕೊರೆದರು. ಈ ಉಳಿ ನನ್ನದು, ತಪ್ಪಿದ್ದರೆ ನನ್ನನ್ನೇ ಕೇಳಿ ಎಂಬ ಧೈರ್ಯ ಆ ಹೆಸರಿನಲ್ಲಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಕಣದಲ್ಲಿ ಎಲ್ಲರೂ ಸಮನಾಗಿ ನಿಂತಿರಲಿಲ್ಲ. ತೊಗಲಿನ ಮಿಣಿ ಹೊಸೆದುಕೊಟ್ಟವರು, ಕಪಿಲೆಯ ಬಾನಿ ಹೊಲಿದುಕೊಟ್ಟವರು ದೂರ ನಿಂತು ಸೆರಗೊಡ್ಡಬೇಕಿತ್ತು. ಅಪ್ಪ ಮಾಡಿದ್ದನ್ನೇ ಮಗ ಮಾಡಬೇಕು, ಒಲ್ಲೆ ಎನ್ನುವಂತಿಲ್ಲ. ಸಾಲ ತೀರುವವರೆಗೆ ಎಂದು ಜೀತಕ್ಕೆ ಸೇರಿದವನ ಸಾಲ ಅವನ ಮಗನ ಕಾಲಕ್ಕೂ ತೀರುತ್ತಿರಲಿಲ್ಲ. ಜೀತ ಪದ್ಧತಿ ರದ್ದತಿಗೆ 1976ರ ಕಾಯ್ದೆ ಬರಬೇಕಾಯಿತು. ಈ ತಾಲ್ಲೂಕುಗಳ ಎಷ್ಟೋ ಬಡ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಲಿಕೊಟ್ಟ ದೇವದಾಸಿ ಪದ್ಧತಿಯನ್ನು ತಡೆಯಲು 1982ರ ಕರ್ನಾಟಕ ಕಾಯ್ದೆ ಬೇಕಾಯಿತು. ಬಾಬಾಸಾಹೇಬ ಅಂಬೇಡ್ಕರರು 1936ರಲ್ಲಿ ಪ್ರಕಟಿಸಿದ ‘ಜಾತಿ ವಿನಾಶ’ದಲ್ಲಿ ಜಾತಿ ವಿಭಜಿಸುವುದು ಕೇವಲ ಕೆಲಸವನ್ನಲ್ಲ, ಕೆಲಸಗಾರರನ್ನೇ ಎಂದು ತೋರಿಸಿಕೊಟ್ಟರು. ಆ ಮಾತಿಗೆ ನಮ್ಮ ಕಣಗಳೇ ಸಾಕ್ಷಿ. ಹಳೆಯ ಕಾಲವನ್ನು ಹಾಗೆಯೇ ಮರಳಿ ತರೋಣ ಎನ್ನುವವರ ಜೊತೆಗೆ ನಾನಿಲ್ಲ. ಆ ವ್ಯವಸ್ಥೆಯಲ್ಲಿದ್ದ ಮುಖಾಮುಖಿ ಹೊಣೆ ಬೇಕು. ಅದರ ಮೇಲುಕೀಳು ಬೇಡ.

ಕಲ್ಯಾಣದವರು ಹಾಕಿದ ಕರಾರು

ಹೊಣೆಯನ್ನು ಮೇಲುಕೀಳಿನಿಂದ ಬೇರ್ಪಡಿಸುವ ಕೆಲಸವನ್ನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಾಡಿ ತೋರಿಸಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ. ಲೋಕ ಕೀಳೆಂದ ಕಸುಬನ್ನು ಅವರು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಮೆರೆದರು. ಕೆಲಸದೊಂದಿಗೆ ಹೆಸರಿನ ನಂಟು ಉಳಿಯಿತು, ಅದಕ್ಕೆ ಅಂಟಿದ್ದ ಅವಮಾನ ಉದುರಿತು. ಇಂಥ ಪಲ್ಲಟ ಲೋಕದ ಚರಿತ್ರೆಯಲ್ಲೇ ಅಪರೂಪ.

ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಅವರ ಮಾತು ಇವತ್ತು ಕಚೇರಿಗಳ ಗೋಡೆ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ, ಲಾರಿಗಳ ಹಿಂಬದಿಯಲ್ಲಿ ಇದೆ. ಅದನ್ನು ಕೂಲಿಯವರಿಗೆ ಹೇಳುವ ಉಪದೇಶವೆಂದು ಬಹಳ ಮಂದಿ ತಿಳಿದಿದ್ದಾರೆ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನೆದರೆ ಅದರ ನಿಜವಾದ ಬಿಗಿ ತಿಳಿಯುತ್ತದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಮಾರಯ್ಯ, ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಎಂದಿನಷ್ಟೇ ಸಾಕು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಕದ್ದ ಅಕ್ಕಿಯಲ್ಲ ಅದು, ಬೇಡಿದ್ದೂ ಅಲ್ಲ. ಆದರೂ ದುಡಿಮೆಗೆ ಮೀರಿ ಬಂದದ್ದು ತನ್ನದಲ್ಲ ಎಂದು ಬಡವಿಯೊಬ್ಬಳು ತೀರ್ಮಾನಿಸಿದಳು.

ನುಲಿಯ ಚಂದಯ್ಯನದು ಇನ್ನೊಂದು ಕಥೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿಬಿತ್ತು. ಅವನು ಕೆಲಸ ಬಿಟ್ಟು ಅದನ್ನು ಎತ್ತಿಕೊಳ್ಳಲಿಲ್ಲ. ಕೊನೆಗೆ ಲಿಂಗವೇ ಅವನ ಬೆನ್ನುಹತ್ತಿತು ಎನ್ನುತ್ತದೆ ಶರಣರ ಚರಿತ್ರೆ. ಹಿಡಿದ ಕೆಲಸವನ್ನು ಪೂಜೆಯ ನೆಪದಲ್ಲೂ ಅರ್ಧಕ್ಕೆ ಬಿಡಬಾರದು ಎಂಬ ನಿಷ್ಠೆ ಅಲ್ಲಿದೆ.

ಶರಣರ ಆ ಹೆಸರುಗಳಿಂದ, ಈ ಎರಡು ಪ್ರಸಂಗಗಳಿಂದ ಕಾಯಕಕ್ಕೆ ಮೂರು ಕರಾರು ಹೊರಡುತ್ತವೆ. ಯಾವ ಕೆಲಸವೂ ಕೀಳಲ್ಲ, ಮೇಲಲ್ಲ. ಮಾಡುವ ಕೆಲಸದಲ್ಲಿ ಮನಸ್ಸು ಪೂರ್ತಿ ಇರಬೇಕು. ದುಡಿದದ್ದಕ್ಕಿಂತ ಹೆಚ್ಚು ಮನೆಗೆ ತರಬಾರದು. ಮೊದಲನೆಯದನ್ನು ಭಾಷಣದಲ್ಲಿ ಒಪ್ಪಿದ್ದೇವೆ. ಎರಡನೆಯದನ್ನು ಕೂಲಿಯವರಿಗೆ ಬೋಧಿಸುತ್ತೇವೆ. ಮೂರನೆಯದರ ಸುದ್ದಿಯನ್ನೇ ಎತ್ತುವುದಿಲ್ಲ. ಆ ಮೂರನೆಯ ಕರಾರು ಮುರಿದರೆ ಏನಾಗುತ್ತದೆ ಎಂಬುದನ್ನು ಅಂದಿನ ನಮ್ಮ ಬಳ್ಳಾರಿ ಜಿಲ್ಲೆ ಕಣ್ಣಾರೆ ಕಂಡಿದೆ.

ಅದಿರಿನ ವರ್ಷಗಳು

2000ದ ನಂತರದ ವರ್ಷಗಳನ್ನು ನೆನಪಿಸಿಕೊಳ್ಳಿ. ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿತು, ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಸಂಡೂರು, ಹೊಸಪೇಟೆಯ ಗುಡ್ಡಗಳಿಂದ ಹಗಲುರಾತ್ರಿ ಅದಿರು ಬಂದರುಗಳ ಕಡೆ ಹರಿಯಿತು. ಎತ್ತು ಮಾರಿ, ಸಾಲ ಮಾಡಿ ಟಿಪ್ಪರ್ ಕೊಂಡವರಿದ್ದರು. ಒಂದು ವರ್ಷದ ಒಕ್ಕಲುತನದಲ್ಲಿ ಕಾಣದ ದುಡ್ಡು ಒಂದು ತಿಂಗಳಲ್ಲಿ ಕೈಗೆ ಬಂದಾಗ ಬಿತ್ತುವ ಕೈಗೆ ಬಿತ್ತನೆ ಹಗುರವಾಗಿ ಕಂಡಿತು. ಕಸುಬು ಕಲಿಯಬೇಕಾದ ವಯಸ್ಸಿನ ಹುಡುಗರು ಹಳದಿ ಕೆಂಪು ಧೂಳಿನಲ್ಲಿ ಟ್ರಿಪ್ಪು ಎಣಿಸಿದರು.

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಭಾರಿ ಅಕ್ರಮ ಕಂಡ ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಟಿಪ್ಪರಿನ ಕಂತು ಕಟ್ಟಲಾಗದೆ ವಾಹನ ಕಳೆದುಕೊಂಡವರು ನಮ್ಮ ಸುತ್ತಲಿನವರೇ.

ಆ ವರ್ಷಗಳಲ್ಲಿ ಹೋದದ್ದು ಬೊಕ್ಕಸದ ಹಣ ಮಾತ್ರವಲ್ಲ. ಪರವಾನಗಿ ಒಬ್ಬರ ಹೆಸರಿನಲ್ಲಿ, ಅಗೆಯುವವರು ಬೇರೆ, ಸಾಗಿಸುವವರು ಮತ್ತೊಬ್ಬರು, ದುಡ್ಡು ಸೇರುವ ಜೇಬು ಇನ್ನೆಲ್ಲೋ. ಹೊಣೆ ಯಾರದು ಎಂದು ಕೇಳಿದರೆ ಬೆರಳು ತೋರಿಸುವುದಕ್ಕೆ ಒಂದು ಮುಖವೇ ಸಿಗದಂತೆ ವ್ಯವಹಾರವನ್ನು ಹೆಣೆಯಲಾಗಿತ್ತು. ನೆಟ್ಟಗೆ ದುಡಿದು ಬದುಕುವವನು ದಡ್ಡ, ಅಡ್ಡದಾರಿಯಲ್ಲಿ ಮೇಲೆ ಬಂದವನು ಜಾಣ ಎಂಬ ಪಾಠವನ್ನು ಒಂದು ತಲೆಮಾರಿನ ಮಕ್ಕಳು ಕಲಿತರು. ಅದಿರು ಹೋದ ಗುಡ್ಡದಲ್ಲಿ ಗಿಡ ನೆಡಬಹುದು. ಆ ಪಾಠವನ್ನು ಮರೆಸುವುದು ಅದಕ್ಕಿಂತ ಕಷ್ಟ.

ಮಾರುಕಟ್ಟೆ ಮತ್ತು ಮೊಬೈಲು

ರೈತರ ಮಾರಾಟದ ಮೋಸ ತಪ್ಪಿಸಲು 1966ರಲ್ಲಿ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂತು. ಹರಾಜು ಬಯಲಿಗೆ ಬಂತು, ತೂಕಕ್ಕೆ ನಿಯಮ ಬಂತು. ಆದರೂ ಸೂಟು ಎಂಬ ಹೆಸರಿನಲ್ಲಿ ಚೀಲಕ್ಕಿಷ್ಟು, ಕ್ವಿಂಟಲ್‌ಗಿಷ್ಟು ಮುರಿದುಕೊಳ್ಳುವ ಪದ್ಧತಿಯ ವಿರುದ್ಧ ರೈತರು ಇಂದಿಗೂ ದನಿಯೆತ್ತಬೇಕಾಗಿದೆ. ರೈತ ತಂದ ಈರುಳ್ಳಿಗೆ ಅವನ ಹೆಸರಿದೆ, ಚೀಟಿಯಲ್ಲಿ ಊರಿದೆ. ಆ ಈರುಳ್ಳಿ ಬೆಂಗಳೂರಿನ ಬಂಡಿಯ ಮೇಲೆ ಮಾರಾಟವಾಗುವ ಹೊತ್ತಿಗೆ ಬೆಳೆದವರ ಹೆಸರೂ ಇಲ್ಲ, ಅವರಿಗೆ ಸಿಕ್ಕ ಬೆಲೆಯ ಸುಳಿವೂ ಇಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರುವುದು ಈ ದೃಷ್ಟಿಯಿಂದ ಮುಖ್ಯ. ಊರಿನ ಹೆಸರು ಮಾಲಿನೊಂದಿಗೆ ಹೋದರೆ ಆ ಹೆಸರನ್ನು ಕೆಡಿಸಬಾರದೆಂಬ ಎಚ್ಚರ ಬೆಳೆಗಾರರಿಗೂ ಬರುತ್ತದೆ, ವ್ಯಾಪಾರಿಗಳಿಗೂ ಬರಬೇಕು.

ನಮ್ಮ ಹುಡುಗರು ಈಗ ನಗರಗಳಲ್ಲಿ ಆ್ಯಪ್‌ಗಳ ಕೆಳಗೆ ಊಟ, ಸಾಮಾನು ಹೊತ್ತು ಓಡುತ್ತಿದ್ದಾರೆ. ಧಣಿ ಯಾರೆಂದು ಅವರಿಗೆ ಗೊತ್ತಿಲ್ಲ. ತಡವಾದರೆ ದುಡ್ಡು ಮುರಿಯುವುದು ಒಂದು ಲೆಕ್ಕಾಚಾರದ ಯಂತ್ರ. ಏಕೆ ಮುರಿದಿರಿ ಎಂದು ಕೇಳಲು ಎದುರಿಗೆ ಮನುಷ್ಯನಿಲ್ಲ. ಕೊಂಡವರು ಕೊಡುವ ನಕ್ಷತ್ರಗಳು ಹುಡುಗನ ತಪ್ಪನ್ನು ಎಣಿಸುತ್ತವೆ. ಕಂಪನಿಯ ತಪ್ಪನ್ನು ಎಣಿಸುವ ನಕ್ಷತ್ರ ಹುಡುಗನ ಕೈಯಲ್ಲಿಲ್ಲ. ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನು ತಂದಿರುವುದು ಸರಿಯಾದ ಹೆಜ್ಜೆ. ಹೊಣೆ ಕೆಳಗಿನವರಿಗೆ, ಲಾಭ ಮೇಲಿನವರಿಗೆ ಎಂಬ ಏರ್ಪಾಡಿನಲ್ಲಿ ಶ್ರದ್ಧೆಯನ್ನು ಮಾತ್ರ ಕೆಳಗಿನವರಿಂದ ಬಯಸುವುದು ನ್ಯಾಯವಲ್ಲ.

ಹತ್ತೊಂಬತ್ತನೆಯ ಗೇಟು

ನಮ್ಮೆಲ್ಲರ ಬದುಕಿಗೆ ಹತ್ತಿರವಾದ ಪ್ರಸಂಗಕ್ಕೆ ಬರುತ್ತೇನೆ. ತುಂಗಭದ್ರಾ ಜಲಾಶಯದ ಕೆಲಸಕ್ಕೆ 1945ರಲ್ಲಿ ಒಂದು ದಡದಲ್ಲಿ ಮದ್ರಾಸ್ ಪ್ರಾಂತ್ಯದವರು, ಇನ್ನೊಂದು ದಡದಲ್ಲಿ ಹೈದರಾಬಾದ್ ಸಂಸ್ಥಾನದವರು ಅಡಿಗಲ್ಲು ಹಾಕಿದರು. 1953ರ ಹೊತ್ತಿಗೆ ಕಾಲುವೆಗೆ ನೀರು ಬಂತು. ಕಲ್ಲು, ಸುರ್ಕಿ ಗಾರೆಯಿಂದ ಎದ್ದ ಕಟ್ಟೆ ಅದು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಊರು ನೀರಿನ ಪಾಲಾಯಿತು, ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಬದುಕು ಕಟ್ಟಿದರು. ನಮ್ಮ ಹಿನ್ನೀರಿನ ಊರುಗಳಿಗೆ ಆ ತ್ಯಾಗದ ಅರಿವಿದೆ. ಅಷ್ಟು ಜನ ಮನೆಮಠ ಕೊಟ್ಟು ಪಡೆದ ಕಟ್ಟೆಯನ್ನು ಕಾಯುವುದು ಎಲ್ಲರ ಋಣ.

2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಮೂರು ರಾಜ್ಯಗಳ ರೈತರು ಕಣ್ಣೆದುರೇ ನೀರು ಹರಿದುಹೋಗುವುದನ್ನು ನೋಡಿದರು. ಆಗ ಬಂದವರು ಎಂಬತ್ತರ ಸಮೀಪದ ವಯಸ್ಸಿನ ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು. ಹೊಸಪೇಟೆ, ತೋರಣಗಲ್ಲಿನ ಸುತ್ತಮುತ್ತ ಹಗಲುರಾತ್ರಿ ಕೆಲಸ ನಡೆದು ಸ್ಟಾಪ್‌ಲಾಗ್ ಹಲಗೆಗಳು ಸಿದ್ಧವಾದವು. ನೀರು ಭೋರ್ಗರೆದು ಹರಿಯುತ್ತಿದ್ದಾಗಲೇ ಕೆಲಸಗಾರರು ಜೀವದ ಹಂಗು ತೊರೆದು ಒಂದರ ಮೇಲೊಂದು ಹಲಗೆ ಇಳಿಸಿದರು. ಒಂದು ವಾರದ ಆಸುಪಾಸಿನಲ್ಲಿ ನೀರು ನಿಂತಿತು.

ಈ ಒಂದು ಪ್ರಸಂಗದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇದೆ. ದುಡಿಮೆಯ ನಿಷ್ಠೆ ಸತ್ತಿಲ್ಲ. ಆ ಕೆಲಸಗಾರರಲ್ಲಿ, ಆ ಹಿರಿಯ ತಜ್ಞರಲ್ಲಿ ಅದನ್ನು ನಾಡೇ ಕಂಡಿತು. ಸೊರಗಿರುವುದು ದಿನನಿತ್ಯದ ಪಾಲನೆ. ಸುಮಾರು ಏಳು ದಶಕ ನೀರಿನ ಭಾರ ಹೊತ್ತ ಕಬ್ಬಿಣ ಸವೆಯುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಮರುವರ್ಷ, 2025ರಲ್ಲಿ, ಗೇಟುಗಳ ಸ್ಥಿತಿ ನೋಡಿ ಜಲಾಶಯದಲ್ಲಿ 80 ಟಿಎಂಸಿ ಅಡಿ ನೀರನ್ನಷ್ಟೇ ನಿಲ್ಲಿಸಬೇಕಾಯಿತು. ಮೊದಲು 133 ಟಿಎಂಸಿ ಅಡಿಯಷ್ಟಿದ್ದ ಸಾಮರ್ಥ್ಯ ಹೂಳಿನಿಂದ ಆಗಲೇ 105ಕ್ಕೆ ಇಳಿದಿತ್ತು.

ಹಿಂದಿನವರು ಕೆರೆ ಕಟ್ಟಿದಾಗಲೇ ಅದರ ಪಾಲನೆಗೂ ದಾರಿ ಮಾಡುತ್ತಿದ್ದರು. ಹೂಳೆತ್ತುವ ಕೆರೆಬಂಡಿಗೆ, ಏರಿ ನೋಡುವವರಿಗೆ ಕೆರೆಕೊಡಗಿ ಎಂದು ಭೂಮಿ ಬಿಡುತ್ತಿದ್ದರು. ಇಂಥ ಮನೆತನ ಈ ಕೆಲಸಕ್ಕೆ ಹೊಣೆ ಎಂದು ಊರಿಗೆ ಗೊತ್ತಿರುತ್ತಿತ್ತು. ವಿಜಯನಗರದ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿರುವುದು ಕಟ್ಟಿದವರ ಜಾಣ್ಮೆಯಷ್ಟೇ ತಲೆತಲಾಂತರ ಕಾದವರ ಕೈಗುಣ. ಇಂದು ಉದ್ಘಾಟನೆಯ ಕಲ್ಲಿನ ಮೇಲೆ ಹತ್ತು ಹೆಸರಿರುತ್ತವೆ. ಪಾಲನೆಯ ಹೊಣೆ ಹೊತ್ತವರ ಒಂದು ಹೆಸರೂ ಇರುವುದಿಲ್ಲ.

ನಾವು ಮಾಡಬೇಕಾದದ್ದು

ಮೌಲ್ಯ ಎಂಬುದು ಗಾಳಿಯಲ್ಲಿ ಬರುವುದಿಲ್ಲ. ಅದು ನಡೆಯುವಂಥ ಏರ್ಪಾಡು ಬೇಕು. ದೊಡ್ಡ ಮಾತು ಬಿಟ್ಟು, ಈ ಊರಿನಲ್ಲೇ ಮಾಡಬಹುದಾದ ನಾಲ್ಕು ಕೆಲಸ ಹೇಳುತ್ತೇನೆ.

ಮೊದಲನೆಯದು, ಕೂಲಿಯನ್ನು ಆ ದಿನವೇ, ಪೂರ್ತಿ, ಕೈಗಿಡಿ. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಿ. ಇದನ್ನು ಮಾಡದವರಿಗೆ ಶ್ರದ್ಧೆಯ ಬಗ್ಗೆ ಮಾತಾಡುವ ಅಧಿಕಾರವಿಲ್ಲ.

ಎರಡನೆಯದು, ಊರಲ್ಲಿ ನಡೆಯುವ ರಸ್ತೆ, ಚರಂಡಿ, ಶಾಲಾ ಕೊಠಡಿ, ಕೆರೆಯ ಕೆಲಸಕ್ಕೆ ಮಾಹಿತಿ ಫಲಕ ಕೇಳಿ. ಗುತ್ತಿಗೆದಾರ ಯಾರು, ಮೊತ್ತ ಎಷ್ಟು, ದೋಷ ಬಂದರೆ ಎಷ್ಟು ವರ್ಷ ಅವರೇ ಸರಿಪಡಿಸಬೇಕು ಎಂಬುದು ಅದರಲ್ಲಿರಲಿ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ನಡೆಯುವ ದಿನ ಮನೆಯಲ್ಲಿ ಕೂರಬೇಡಿ. ಗ್ರಾಮಸಭೆಯೇ ನಮ್ಮ ಇಂದಿನ ಕಣ, ಮತ್ತು ಈ ಕಣದಲ್ಲಿ ಯಾರೂ ಹೊರಗೆ ನಿಲ್ಲಬೇಕಾಗಿಲ್ಲ.

ಮೂರನೆಯದು, ಶಾಲೆಯ ಗುರುಗಳಿಗೆ ನನ್ನ ಬಿನ್ನಹ. ಮಕ್ಕಳನ್ನು ಬಡಿಗೇರರ, ಕಮ್ಮಾರರ, ಪಂಪ್‌ಸೆಟ್ ರಿಪೇರಿಯವರ, ಕಂಬಳಿ ನೇಯುವವರ ಹತ್ತಿರ ಕರೆದೊಯ್ಯಿರಿ. ಕೈಕೆಲಸದ ಜಾಣ್ಮೆಗೆ ಪುಸ್ತಕದ ಜಾಣ್ಮೆಯಷ್ಟೇ ಗೌರವವಿದೆ ಎಂದು ಅವರ ಮನಸ್ಸಿಗೆ ಮುಟ್ಟಿಸಿ. ಯಾವ ಮಗುವೂ ತನ್ನ ಅಪ್ಪನ ಕಸುಬನ್ನು ಹೇಳಲು ನಾಚಬಾರದು. ಯಾವ ಮಗುವೂ ಅದಕ್ಕೇ ಕಟ್ಟುಬೀಳಲೂಬಾರದು.

ನಾಲ್ಕನೆಯದು, ವ್ಯಾಪಾರಿ ಬಂಧುಗಳಿಗೆ ಮತ್ತು ಅಧಿಕಾರದಲ್ಲಿರುವವರಿಗೆ. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ದೇವರ ಕೆಲಸಕ್ಕೆ ಲಂಚವಿಲ್ಲ. ತಕ್ಕಡಿಯ ಕಡೆ ಗಿರಾಕಿಯ ಕಣ್ಣಿಲ್ಲದಿದ್ದಾಗಲೂ ತೂಕ ಸರಿಯಿರಲಿ.

ಬಂಧುಗಳೆ, ಕೆಳಗೆ ದುಡಿಯುವವರು ತಮ್ಮ ಪಾಲಿನ ಕರಾರನ್ನು ಇಂದಿಗೂ ನಡೆಸುತ್ತಿದ್ದಾರೆ. ಮುರಿದಿರುವುದು ಮೇಲಿನವರ ಕರಾರು, ಲಕ್ಕಮ್ಮ ಎತ್ತಿ ಹಿಡಿದ ಕರಾರು. ಅದನ್ನು ಮೇಲಿನವರಿಗೆ ನೆನಪಿಸುವ ಕೆಲಸ ನಮ್ಮದು. ಯಾವ ಕೆಲಸ ಮಾಡಿದರೂ, ಮಾಡಿಸಿದರೂ, ಇದಕ್ಕೆ ನಾನು ಹೊಣೆ ಎಂದು ನಿಮ್ಮ ಹೆಸರು ಹೇಳಿ ನಿಲ್ಲಿರಿ. ಹಾಗೆ ನಿಲ್ಲದವರನ್ನು ಹೆಸರು ಹಿಡಿದು ಕೇಳಿರಿ.